ಮೂರು ದಿನದೊಳಗೆ ಬಾಗಿಲಿಗೆ

ಏಪ್ರಿಲ್ 5

ಲೋ ಕಹಳೆ,

ಅಕ್ಕ ಫೋನ್ ಎತ್ತುತ್ತಿಲ್ಲ ಎಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ನನಗೆ ಗೊತ್ತು. ನನ್ನ ಫೋನು ಈಗ ನನ್ನದಲ್ಲ ಕಣೋ. ನಗರಸಭೆಯವರು ನಮ್ಮೆಲ್ಲರ ಫೋನನ್ನೂ ಸಹಾಯವಾಣಿಗೆಂದು ತೆಗೆದುಕೊಂಡು ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾರೆ. ನನ್ನದು ಏಳನೆಯದು, ಕೊನೆಯದು. ಬೆಳಗಿನಿಂದ ಬಡಿದುಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ನಮ್ಮಿಬ್ಬರಿಗೂ ಕಾಗದವೇ ಗತಿ. ಪ್ರತಿ ಮಂಗಳವಾರ, ಶುಕ್ರವಾರ ನಮ್ಮ ವ್ಯಾನು ನಿಮ್ಮ ಊರಿಗೆ ಮಾಸ್ಕು, ಬ್ಲೀಚಿಂಗ್ ಪುಡಿ ತರುತ್ತದೆ. ಆ ಚೀಲದಲ್ಲಿ ನನ್ನ ಕಾಗದವೂ ಇರುತ್ತದೆ. ನಿನ್ನದನ್ನು ಡ್ರೈವರಣ್ಣನ ಕೈಗೆ ಕೊಡು.

ಈಗ ಕೆಲಸದ ಮಾತು. ಇಷ್ಟು ದಿನ ಸರ್ಕಸ್ಸು, ಸಿನಿಮಾ, ರಿಯಾಯಿತಿ ಮಾರಾಟ ಎಂದು ಮೈಕಿನಲ್ಲಿ ಕೂಗಿದ್ದು ಸಾಕು. ಇನ್ನು ಮೇಲೆ ನಗರಸಭೆಗಾಗಿ ಕೂಗಬೇಕು. ನಿನ್ನ ಹೆಸರನ್ನು ಸಾಹೇಬರಿಗೆ ಹೇಳಿದವಳು ನಾನೇ. ಕೂಗಬೇಕಾದ್ದನ್ನು ಬರೆಯುವವಳೂ ನಾನೇ. ಹುಟ್ಟಿದಾಗಿನಿಂದ ನನ್ನ ಮಾತು ಕೇಳದವನು ಈಗ ಬೀದಿ ಬೀದಿಯಲ್ಲಿ ನನ್ನ ಮಾತನ್ನೇ ಕೂಗುತ್ತೀಯ ನೋಡು!

ಇದು ಮೊದಲನೆಯದು:

"ಜ್ವರ, ಕೆಮ್ಮು ಇರುವವರು ಮನೆಯಲ್ಲೇ ಇರಿ. ಆಸ್ಪತ್ರೆಗೆ ಹೋಗಿ ಗುಂಪುಗೂಡಬೇಡಿ. ನಗರಸಭೆಯ ಆರೋಗ್ಯ ತಂಡ ಮೂರು ದಿನದೊಳಗೆ ನಿಮ್ಮ ಬಾಗಿಲಿಗೆ ಬರುತ್ತದೆ. ಈ ಸೇವೆಯು ಸಿಬ್ಬಂದಿ ಹಾಗೂ ವಾಹನದ ಲಭ್ಯತೆಯನ್ನು ಅವಲಂಬಿಸಿರುತ್ತದೆ."

ನಿನ್ನ ಮಸಾಲೆ ಏನೂ ಸೇರಿಸಬೇಡ, ದಮ್ಮಯ್ಯ.

ದೊಡ್ಡಮ್ಮನನ್ನು ನೋಡಿಕೋ. ಸಾಮಾನನ್ನು ಬಾಗಿಲಲ್ಲೇ ಇಟ್ಟು ಬಾ. ಅಪ್ಪ ಅಮ್ಮ ಹೋದ ಮೇಲೆ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿದು ಹೊಲಿದು ನಮ್ಮಿಬ್ಬರನ್ನೂ ಸಾಕಿದವಳು. ಅವಳಿಗೆ ಏನಾದರೂ ಆದರೆ ನಾನು ತಡೆದುಕೊಳ್ಳಲಾರೆ.

ನಿನ್ನ ಅಕ್ಕ

ಏಪ್ರಿಲ್ 9

ಸಹಾಯವಾಣಿಯ ಮಹಾರಾಣಿಯವರಿಗೆ,

ಆಜ್ಞೆ ಪಾಲಿಸಿದ್ದೇನೆ. ನಾಲ್ಕು ದಿನದಲ್ಲಿ ಇಡೀ ಊರು ಸುತ್ತಿದೆ. ಅಕ್ಕ, ಖಾಲಿ ಬೀದಿಯಲ್ಲಿ ಕೂಗುವುದು ಎಂಥ ಕಷ್ಟ ಗೊತ್ತಾ? ಸರ್ಕಸ್ ಬಂದಾಗ ಮಕ್ಕಳು ನನ್ನ ಮೈಕಿನ ಗಾಡಿಯ ಹಿಂದೆ ಓಡಿ ಬರುತ್ತಿದ್ದರು, ನನಗೂ ಹುರುಪು ಬರುತ್ತಿತ್ತು. ಈಗ ಕಿಟಕಿಯ ಹಿಂದೆ ಬರೀ ಕಣ್ಣುಗಳು. ಆದರೆ ಕೇಳುತ್ತಾರೆ. ಒಂದೊಂದು ಅಕ್ಷರವನ್ನೂ ಕೇಳುತ್ತಾರೆ. ಬೇಕರಿಯವನು ಮಹಡಿಯಿಂದ ಬಗ್ಗಿ, "ನಿಜವಾಗ್ಲೂ ಬರ್ತಾರೇನಪ್ಪಾ? ನಿನ್ನ ಸರ್ಕಸ್ ಸಿಂಹದ ಥರ ಆಗಲ್ವಲ್ಲ?" ಅಂದ. ಆ ಸಿಂಹ ಬಂದಿತ್ತು, ಆದರೆ ಮಲಗಿಯೇ ಇತ್ತು, ಅದು ನನ್ನ ತಪ್ಪಾ? "ನಮ್ಮಕ್ಕ ಬರೆದಿರೋದು ಕಣ್ರೀ, ಬಂದೇ ಬರ್ತಾರೆ" ಅಂದೆ. ತಲೆಯಾಡಿಸಿ ಒಳಗೆ ಹೋದ.

ಇನ್ನೊಂದು ವಿಷಯ. ಸೇರಿಸಬೇಡ ಅಂದೆ, ಸೇರಿಸಲಿಲ್ಲ. ಆದರೆ ಕೊನೆಯ ಸಾಲನ್ನು ಕೈಬಿಟ್ಟಿದ್ದೇನೆ. ಆ ಲಭ್ಯತೆ, ಅವಲಂಬನೆ ಎಲ್ಲ ಕರಪತ್ರಕ್ಕೆ ಸರಿ, ಮೈಕಿಗೆ ಆಗುವುದಿಲ್ಲ. ನಡಿಗೆಯ ವೇಗದಲ್ಲಿ ಗಾಡಿ ಓಡಿಸಿದರೂ ಒಂದು ಮನೆಯ ಮುಂದೆ ಮೂರೇ ಸಾಲು ದಕ್ಕುವುದು, ನಾಲ್ಕನೆಯದು ಪಕ್ಕದ ಮನೆಗೆ ಹೋಗುತ್ತದೆ. ಅವರಿಗೆ ಅದೊಂದೇ ಕೇಳಿಸಿ ತಲೆಬುಡ ತಿಳಿಯುವುದಿಲ್ಲ. ಇಪ್ಪತ್ತು ವರ್ಷದಿಂದ ನಾನು ಕೊನೆಯ ಸಾಲು ಓದಿದವನೇ ಅಲ್ಲ. ಅದು ಬೇಕೇ ಬೇಕು ಅಂದರೆ ಹೇಳು, ನಿಲ್ಲಿಸಿ ನಿಲ್ಲಿಸಿ ಓದುತ್ತೇನೆ.

ದೊಡ್ಡಮ್ಮ ಕಲ್ಲುಗುಂಡಿನ ಹಾಗಿದ್ದಾಳೆ. ನನ್ನ ಗಾಡಿ ಬಂತೆಂದರೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. "ಬರೆದೋಳೂ ನನ್ನ ಮಗೂನೇ, ಕೂಗೋನೂ ನನ್ನ ಮಗೂನೇ" ಎಂದು ಎದುರು ಮನೆಯವರ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಾಳೆ.

ನಿನ್ನ ಕಹಳೆ

ಏಪ್ರಿಲ್ 12

ತಮ್ಮಾ,

ನಿನ್ನ ಕಾಗದ ಓದಿ ಇಲ್ಲಿ ಮೂರು ಜನ ನಕ್ಕರು. ಸಿಂಹದ ಕಥೆಯನ್ನು ಸಾಹೇಬರಿಗೂ ಹೇಳಿದೆ. ಅವರಿಗೆ ನಿನ್ನ ಮೇಲೆ ತುಂಬ ಸಂತೋಷ. ನಿಮ್ಮ ಊರಿನಿಂದ ಆಸ್ಪತ್ರೆಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರಂತೆ. "ಹೇಳಿದ್ದನ್ನ ಕೇಳೋ ಜನ" ಎಂದು ಸಭೆಯಲ್ಲಿ ಹೊಗಳಿದರು. ಹೀಗೇ ಮುಂದುವರಿಸು.

ನನಗೆ ಸ್ವಲ್ಪ ಸುಸ್ತು, ಅಷ್ಟೆ. ದಿನಕ್ಕೆ ಇನ್ನೂರು ಕರೆ. ಕೆಲವರು ಅಳುತ್ತಾರೆ, ಕೆಲವರು ಬೈಯುತ್ತಾರೆ, ಒಬ್ಬರು ಸುಮ್ಮನೆ ಮಾತಾಡಲು ಯಾರೂ ಇಲ್ಲವೆಂದು ದಿನಾ ಫೋನ್ ಮಾಡುತ್ತಾರೆ. ಮನೆಯಲ್ಲಿ ಮಾವನವರಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ.

ಈ ವಾರದ್ದೂ ಅದೇ ಪ್ರಕಟಣೆ, ಹೊಸದೇನಿಲ್ಲ. ಕೈ ತೊಳೆಯುವುದರ ಬಗ್ಗೆ ಒಂದು ಸಾಲು ಸೇರಿಸಿದ್ದೇನೆ. ನೀನೂ ತೊಳೆದುಕೋ. ಗಾಡಿಯ ಎಣ್ಣೆ ಮೆತ್ತಿದ ಕೈಯಲ್ಲೇ ತಿನ್ನುವವನು ನೀನು.

ಅಕ್ಕ

ಏಪ್ರಿಲ್ 16

ಅಕ್ಕ,

ಇವತ್ತು ತಮಾಷೆ ಬೇಡ. ತಂಡ ಯಾವಾಗ ಬರುತ್ತದೆ ಹೇಳು. ಐದು ಮನೆಯವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಒಂದು ಮನೆಗೆ ಇವತ್ತಿಗೆ ಆರು ದಿನ. ಗಾಡಿ ಕಂಡರೆ ಸಾಕು, "ಎಲ್ಲಪ್ಪಾ ನಿಮ್ಮ ತಂಡ?" ಎಂದು ನನ್ನ ತಲೆ ತಿನ್ನುತ್ತಾರೆ. ಬೇಕರಿಯವನು ಬುಧವಾರ ತನ್ನ ಹೆಂಡತಿಯನ್ನು ಬ್ರೆಡ್ ಸಾಗಿಸುವ ವ್ಯಾನಿನಲ್ಲಿ ಮಲಗಿಸಿಕೊಂಡು ಹೇಳದೆ ಕೇಳದೆ ಆಸ್ಪತ್ರೆಗೆ ಹೋಗಿಬಿಟ್ಟ. ನನಗೆ ಮೈ ಉರಿಯಿತು. ಎಲ್ಲರೂ ಹೀಗೇ ನುಗ್ಗಿದರೆ ಗತಿಯೇನು ಎಂದು, ಅವನ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸಿ ಪ್ರಕಟಣೆಯನ್ನು ಎರಡು ಸಲ ಓದಿದೆ.

ನಿನ್ನೆ ಸಂಜೆಯಿಂದ ದೊಡ್ಡಮ್ಮನಿಗೆ ಜ್ವರ.

ಹೆದರಬೇಡ. ಮಾತಾಡುತ್ತಿದ್ದಾಳೆ. ಬೆಳಿಗ್ಗೆ ಹೋದಾಗ ಕುರ್ಚಿಯೊಂದನ್ನು ಒರೆಸಿ ಬಾಗಿಲ ಬಳಿ ಇಟ್ಟಿದ್ದಳು. ಯಾಕೆ ಅಂದರೆ, "ಡಾಕ್ಟ್ರು ಬಂದ್ರೆ ನಿಂತ್ಕೊಂಡೇ ನೋಡ್ಬೇಕೇನೋ?" ಅಂದಳು. ತಾನು ನುಂಗುವ ಮಾತ್ರೆಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟಿದ್ದಾಳೆ. ತೊಳೆದ ಬಟ್ಟೆ ಉಟ್ಟಿದ್ದಾಳೆ. ಸಹಾಯವಾಣಿಗೆ ಇಪ್ಪತ್ತು ಸಲ ಮಾಡಿದೆ. ಏಳೂ ನಂಬರು ಬ್ಯುಸಿ. ಅವಳ ಹೆಸರನ್ನು ನೀನೇ ಬರೆದುಕೋ. ಸರದಿ ತಪ್ಪಿಸು ಅಂತ ಹೇಳುತ್ತಿಲ್ಲ. ಸರದಿಯಲ್ಲಿ ಸೇರಿಸು, ಅಷ್ಟೆ.

ತಮ್ಮ

ಏಪ್ರಿಲ್ 19

ತಮ್ಮಾ,

ಹೆಸರು ನೋಂದಾಯಿಸಿದ್ದೇನೆ. ನೋಂದಣಿ ಸಂಖ್ಯೆ 212. ದೊಡ್ಡಮ್ಮನಿಗೆ ಬಿಸಿನೀರು ಕೊಡುತ್ತಿರು, ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಲಿ, ಕಿಟಕಿ ತೆರೆದಿಡು. ತಂಡದ ಕಾರ್ಯಕ್ರಮ ಸ್ವಲ್ಪ ಹಿಂದೆ ಮುಂದೆ ಆಗಿದೆ. ಸಹಕರಿಸಿ. ಧೈರ್ಯವಾಗಿರು.

ಇವತ್ತು ಹೆಚ್ಚು ಬರೆಯಲು ಆಗುತ್ತಿಲ್ಲ.

ಅಕ್ಕ

ಏಪ್ರಿಲ್ 23

ಅಕ್ಕ,

ನಿನ್ನ ಕಾಗದ ಮಂಗಳವಾರ ಹನ್ನೊಂದು ಗಂಟೆಗೆ ಬಂತು. ದೊಡ್ಡಮ್ಮ ಅದೇ ದಿನ ಬೆಳಿಗ್ಗೆ ಏಳಕ್ಕೆ ಹೋದಳು. ವಿಷಯ ಡ್ರೈವರಣ್ಣ ಹೇಳಿ ನಿನಗೆ ಆಗಲೇ ಗೊತ್ತಿರುತ್ತದೆ.

ಶನಿವಾರದವರೆಗೂ ಚೆನ್ನಾಗಿದ್ದಳು. ಭಾನುವಾರ ಉಸಿರಾಡಲು ಕಷ್ಟ ಶುರುವಾಯಿತು. ಮೂರು ದಿನ ಅವತ್ತಿಗೆ ಮುಗಿಯುತ್ತಿತ್ತು, ಇನ್ನೇನು ಬಂದರು ಅಂದುಕೊಂಡೆವು. "ನಡಿ, ನನ್ನ ಗಾಡಿಯಲ್ಲೇ ಆಸ್ಪತ್ರೆಗೆ ಹೋಗೋಣ" ಅಂದೆ. ಒಪ್ಪಲಿಲ್ಲ. ಅವಳ ಹಟ ನಿನಗೆ ಗೊತ್ತಲ್ಲ. ಸೋಮವಾರ ಇಡೀ ದಿನ ದಿಂಬಿಗೆ ಒರಗಿ ಕೂತೇ ಇದ್ದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ ಬಾಗಿಲ ಕಡೆ ನೋಡುತ್ತಿದ್ದಳು.

ಹೋದ ಮೇಲೆ ಫೋನ್ ಮಾಡಿದೆ. ಆ ನಂಬರು ಬ್ಯುಸಿ ಇರಲಿಲ್ಲ. ಹೆಣ ಒಯ್ಯುವ ಗಾಡಿ ಒಂದೂವರೆ ಗಂಟೆಯಲ್ಲಿ ಬಂತು. ನಾಲ್ಕು ಜನ, ಮೈತುಂಬ ಬಿಳಿ ಬಟ್ಟೆ. ಬಾಗಿಲ ಬಳಿಯ ಕುರ್ಚಿ ಅಡ್ಡ ಬಂತೆಂದು ಎತ್ತಿ ಹೊರಗಿಟ್ಟರು. ನನ್ನನ್ನು ಬೀದಿಯ ಆಚೆ ನಿಲ್ಲಿಸಿದರು. ಅಕ್ಕ, ನಾನು ಅಲ್ಲೇ ನೆಲದ ಮೇಲೆ ಕೂತು ಗೋಳೋ ಎಂದು ಅತ್ತೆ. ಇಡೀ ಊರಿಗೆ ಕೇಳುವ ಗಂಟಲು, ಯಾರೂ ಹೊರಗೆ ಬರುವ ಹಾಗಿರಲಿಲ್ಲ.

ತಂಡ ಎಲ್ಲಿ ತಡವಾಯಿತು, ಅದೊಂದು ವಿಚಾರಿಸಿ ಹೇಳು. ಯಾರನ್ನೂ ದೂರುತ್ತಿಲ್ಲ. ಅವರಿಗೂ ಕೆಲಸ ಹೆಚ್ಚಿರುತ್ತದೆ. ಎಲ್ಲಿವರೆಗೆ ಬಂದಿದ್ದರು ಎಂದು ಗೊತ್ತಾದರೆ ಮನಸ್ಸಿಗೆ ಸ್ವಲ್ಪ ಸಮಾಧಾನ.

ತಮ್ಮ

ಏಪ್ರಿಲ್ 26

ನನ್ನ ತಮ್ಮಾ,

ಏನು ಬರೆಯಲಿ. ಮೂರು ದಿನದಿಂದ ಪೆನ್ನು ಹಿಡಿದು ಇಡುತ್ತಿದ್ದೇನೆ. ರಜೆ ಕೇಳಿದೆ, ಕೊಡಲಿಲ್ಲ. ಕೊಟ್ಟಿದ್ದರೂ ಊರ ಗಡಿಯಲ್ಲೇ ತಡೆಯುತ್ತಿದ್ದರು. ನನ್ನ ಮದುವೆಗೆ ಅವಳು ರವಿಕೆಗೆ ಹೊಲಿದುಕೊಟ್ಟ ಗುಂಡಿ ಇನ್ನೂ ಒಂದೂ ಬಿಚ್ಚಿಲ್ಲ ಕಣೋ. ಅದನ್ನೇ ತೆಗೆದು ನೋಡುತ್ತಾ ಕೂತಿದ್ದೆ.

ವಯಸ್ಸಾಗಿತ್ತು. ಆಸ್ಪತ್ರೆಗೆ ಒಯ್ದಿದ್ದರೂ ಏನಾಗುತ್ತಿತ್ತೋ ಯಾರಿಗೆ ಗೊತ್ತು. ನೀನು ಮಾಡುವಷ್ಟು ಮಾಡಿದೆ. ನಾನೂ ನೋಂದಾಯಿಸಿದೆ. ತಂಡದ ವಿಷಯ ವಿಚಾರಿಸುತ್ತಿದ್ದೇನೆ, ಸರಿಯಾಗಿ ಯಾರೂ ಹೇಳುತ್ತಿಲ್ಲ.

ಇದನ್ನು ಕೇಳಲು ನನಗೇ ನಾಚಿಕೆ. ಆದರೂ ಈ ವಾರವೂ ಪ್ರಕಟಣೆ ನಿಲ್ಲಬಾರದಂತೆ. ಪ್ರತಿ ಇದರ ಜೊತೆಗಿದೆ. ನಿನಗೆ ಆಗದಿದ್ದರೆ ಬೇರೆ ಯಾರಿಗಾದರೂ ಓದಲು ಹೇಳು.

ಅಕ್ಕ

ಏಪ್ರಿಲ್ 27

ಅಕ್ಕ,

ವ್ಯಾನು ಈಗಷ್ಟೇ ಬಂತು. ಡ್ರೈವರಣ್ಣನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಚೀಲ ಕೊಟ್ಟ ಮೇಲೆ ಅವನು ಹೋಗಲಿಲ್ಲ. ಮಾಸ್ಕು ಸರಿಮಾಡಿಕೊಳ್ಳುತ್ತಾ ನಿಂತ. ನಾನು, "ತಂಡ ಎಲ್ಲಿವರೆಗೆ ಬಂದಿತ್ತು ಅಣ್ಣಾ, ನಿಮಗೇನಾದ್ರೂ ಗೊತ್ತಾ?" ಅಂದೆ. ಅವನು ನನ್ನ ಮುಖವನ್ನೇ ನೋಡಿದ. "ಯಾವ ತಂಡ? ಇದ್ದಿದ್ದು ಇಬ್ಬರು ನರ್ಸು, ಒಂದು ಜೀಪು. ಹತ್ತನೇ ತಾರೀಕೇ ವಾಪಸ್ ಕರೆಸ್ಕೊಂಡ್ರಲ್ಲ. ನಿಮ್ಮಕ್ಕ ಹೇಳ್ಲಿಲ್ವಾ?" ಅಂದ. ಆಮೇಲೆ ಇನ್ನೂ ಒಂದು ಹೇಳಿದ. ಹನ್ನೊಂದನೇ ತಾರೀಕು, ಭಾನುವಾರ, ನಿನ್ನ ಮಾವನವರನ್ನು ಇದೇ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದು ಸೇರಿಸಿದವನು ಅವನೇ ಅಂತೆ. ಜ್ವರ ಬಂದ ದಿನವೇ.

ಹನ್ನೆರಡರ ನಿನ್ನ ಕಾಗದ ನನ್ನ ಮುಂದಿದೆ. "ಈಗ ಪರವಾಗಿಲ್ಲ" ಎಂದು ಬರೆದಿದ್ದೀಯ. ಅದರ ಕೆಳಗೇ "ಈ ವಾರದ್ದೂ ಅದೇ ಪ್ರಕಟಣೆ" ಎಂದೂ ಬರೆದಿದ್ದೀಯ.

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಒಂದು ಸಾಲು ಬರೆದು ಕಳಿಸು. ನಾನು ನಂಬುತ್ತೇನೆ. ದೇವರಾಣೆ ನಂಬುತ್ತೇನೆ.

ಏಪ್ರಿಲ್ 29

ತಮ್ಮಾ,

ಅವನು ಸುಳ್ಳು ಹೇಳಿಲ್ಲ.

ಹತ್ತನೇ ತಾರೀಕು ಸಂಜೆ ಜೀಪನ್ನು ವಾಪಸ್ ಕರೆಸಿದರು. ಪ್ರಕಟಣೆ ಬದಲಿಸಲೇ ಎಂದು ನಾನೇ ಹೋಗಿ ಕೇಳಿದೆ. ಸಾಹೇಬರು, "ಬರಲ್ಲ ಅಂತ ಹೇಳಿದ್ರೆ ನಾಳೆ ಬೆಳಿಗ್ಗೆ ಇಡೀ ಜಿಲ್ಲೆ ಆಸ್ಪತ್ರೆ ಬಾಗಿಲಲ್ಲಿರತ್ತೆ. ಇರೋದು ಮೂವತ್ತು ಹಾಸಿಗೆ. ನೀವು ತಡ್ಕೋತೀರಾ?" ಅಂದರು. ಅವರು ಕೇಳಿದ್ದು ತಪ್ಪಾ? ನೀನೇ ಹೇಳು. ವಾರದಲ್ಲಿ ಜೀಪು ಮತ್ತೆ ಸಿಗುತ್ತದೆ ಎಂದರು. ನಂಬಿದೆ. ನಂಬುವುದು ಸುಲಭವಾಗಿತ್ತು.

ಮಾವನವರ ವಿಷಯ. ಗಂಡ, ಅತ್ತೆ ಇಬ್ಬರೂ ನನ್ನ ಮುಂದೆ ಕೈಮುಗಿದು ನಿಂತರು. ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಬೇಡಿ ವ್ಯಾನು ಪಡೆದೆ. ಶುಕ್ರವಾರ ನಿನ್ನ ಕಾಗದ ಬಂದಾಗ ಮತ್ತೆ ಅವರ ಕೋಣೆಯ ಬಾಗಿಲವರೆಗೂ ಹೋಗಿದ್ದೆ. ಐದು ದಿನದ ಹಿಂದೆ ಒಮ್ಮೆ ಕೇಳಿದ್ದೇನೆ, ಎರಡನೇ ಸಲ ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ನಾಚಿಕೆಯಾಯಿತು. ವಾಪಸ್ ಬಂದು ಏಳನೇ ಫೋನಿನ ಮುಂದೆ ಕೂತೆ. 212 ಎನ್ನುವುದು ಪುಸ್ತಕದಲ್ಲಿರುವ ಸಂಖ್ಯೆ, ಅಷ್ಟೆ. ಅದನ್ನು ಯಾರೂ ನೋಡುವುದಿಲ್ಲ.

ನಿನಗೆ ಕಾಗದದಲ್ಲಿ ಹೇಗೆ ಬರೆಯಲಿ? ಚೀಲಕ್ಕೆ ಹಾಕುವ ಮುಂಚೆ ಎಲ್ಲವನ್ನೂ ಮೇಲ್ವಿಚಾರಕರು ತೆರೆದು ನೋಡುತ್ತಾರೆ. ಇದನ್ನು ಡ್ರೈವರಣ್ಣನ ಜೇಬಿಗೆ ಹಾಕಿ ಕಳಿಸುತ್ತಿದ್ದೇನೆ.

ಒಂದು ಮಾತು ಹೇಳಲೇಬೇಕು, ಕೋಪ ಮಾಡಿಕೋ ಬೇಕಾದರೆ. ನಾನು ಸುಳ್ಳು ಬರೆದಿರಲಿಲ್ಲ. ಲಭ್ಯತೆಯನ್ನು ಅವಲಂಬಿಸಿರುತ್ತದೆ ಎಂದು ಸ್ಪಷ್ಟವಾಗಿ ಬರೆದಿದ್ದೆ. ಅದೊಂದು ಸಾಲಿಗಾಗಿ ಸಾಹೇಬರ ಜೊತೆ ವಾದ ಮಾಡಿ ಉಳಿಸಿಕೊಂಡಿದ್ದೆ. ಅದನ್ನು ಬಿಟ್ಟು ಓದಿದವನು ನೀನು. ಅದನ್ನು ಓದಿದ್ದರೆ ಜನ ಯೋಚನೆ ಮಾಡುತ್ತಿದ್ದರು. ದೊಡ್ಡಮ್ಮನೂ ಮಾಡುತ್ತಿದ್ದಳು.

ಓದಿ ಹರಿದು ಹಾಕು. ನನ್ನ ಕೆಲಸ ಹೋದರೆ ಮನೆಯಲ್ಲಿ ದುಡಿಯುವವರು ಬೇರೆ ಇಲ್ಲ. ನಿನ್ನನ್ನು ಬಿಟ್ಟರೆ ನನಗೂ ತವರು ಅಂತ ಯಾರೂ ಇಲ್ಲ ಕಣೋ.

ಅಕ್ಕ

ಮೇ 4

ಅಕ್ಕ,

ಹರಿದು ಹಾಕಲಿಲ್ಲ.

ಶುಕ್ರವಾರ ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಕೊನೆಯ ಸಾಲು ಬಿಡುತ್ತಿದ್ದೇನೆ ಎಂದು ಒಂಬತ್ತನೇ ತಾರೀಕೇ ನಿನಗೆ ಬರೆದಿದ್ದೆ. ಬೇಕಾದರೆ ಹೇಳು ಎಂದೂ ಬರೆದಿದ್ದೆ. ನೀನು ಸಿಂಹದ ಕಥೆಗೆ ನಕ್ಕೆ, ಅದಕ್ಕೆ ಉತ್ತರ ಕೊಡಲಿಲ್ಲ. ನಾನು ಅದನ್ನು ಬಿಟ್ಟು ಓದಿದ್ದರಿಂದಲೇ ಜನ ಮನೆಯಲ್ಲಿ ಕೂತರು, ನಿನ್ನ ಸಾಹೇಬರು ಸಭೆಯಲ್ಲಿ ಹೊಗಳಿದರು. ಆಗ ಬೇಡವಾಗಿದ್ದ ಸಾಲು ಈಗ ಬೇಕಾಯಿತು, ನನ್ನ ಕುತ್ತಿಗೆಗೆ ಕಟ್ಟುವುದಕ್ಕೆ. ಕಾಗದ ಒಡೆದು ನೋಡುತ್ತಾರೆ ಅಂದೆ. ಇದನ್ನು ಡ್ರೈವರಣ್ಣನ ಜೇಬಿಗೆ ಹಾಕಿದೆಯಲ್ಲ, ಹನ್ನೆರಡನೇ ತಾರೀಕು ಅವನಿಗೆ ಜೇಬು ಇರಲಿಲ್ಲವಾ? "ಕಾಯಬೇಡ" ಎಂದು ಒಂದು ಮಾತು ಬಾಯಲ್ಲಿ ಹೇಳಿ ಕಳಿಸಿದ್ದರೆ ಸಾಕಾಗಿತ್ತು. ನಂಬಿಸಿ ಕುತ್ತಿಗೆ ಕೊಯ್ದೆ ಅಕ್ಕ. ಅದೂ ನನ್ನ ಬಾಯಿಂದಲೇ ಕೊಯ್ಯಿಸಿದೆ.

ಶನಿವಾರ ಬೆಳಿಗ್ಗೆ ಗಾಡಿ ತೆಗೆದೆ. ಬೇಕರಿಯ ಮುಂದೆ ಶುರು ಮಾಡಿದೆ. ಬೇಕರಿಯವನ ಹೆಂಡತಿ ಗುಣವಾಗಿ ಮನೆಗೆ ಬಂದಿದ್ದಾಳೆ, ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅಲ್ಲಿ ನಿನ್ನ ಕಾಗದ ಓದಿದೆ. ಹೌದು, ಮೈಕಿನಲ್ಲಿ. ಹತ್ತನೇ ತಾರೀಕು, ಮೂವತ್ತು ಹಾಸಿಗೆ, ಮಾವನವರ ವ್ಯಾನು, 212, ಎಲ್ಲವನ್ನೂ ಓದಿದೆ. ಅವಸರ ಮಾಡಲಿಲ್ಲ. ಗಾಡಿ ಪೂರ್ತಿ ನಿಲ್ಲಿಸಿ, ಒಂದು ಮನೆಯವರು ಕೇಳಿ ಮುಗಿಸಿದ ಮೇಲೆ ಮುಂದಿನ ಮನೆಗೆ ಹೋದೆ. ಇನ್ನೂ ಮೂರು ಮನೆಯಲ್ಲಿ ಜ್ವರದವರು ಕಾಯುತ್ತಾ ಕೂತಿದ್ದರು. ಮಧ್ಯಾಹ್ನದೊಳಗೆ ಮೂವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಬ್ಬರನ್ನು ನಾನೇ ಒಯ್ದೆ.

ನಿನ್ನ ಕೆಲಸ ಹೋಗಿರಬಹುದು, ಇವತ್ತಲ್ಲ ನಾಳೆ ಹೋಗುತ್ತದೆ. ಅದು ಗೊತ್ತಿದ್ದೇ ಓದಿದೆ. ಓದುವಾಗ ನಿನ್ನ ಮೇಲೆ ಒಂದಿಷ್ಟೂ ಕನಿಕರ ಬರಲಿಲ್ಲ. ಈಗ ಬರುತ್ತಿದೆ, ಏನು ಪ್ರಯೋಜನ.

ಇನ್ನು ನನ್ನ ಪಾಲು. ಅದನ್ನೂ ಮೈಕಿನಲ್ಲಿ ಹೇಳಬೇಕು ಎಂದೇ ಹೊರಟಿದ್ದೆ. ದೊಡ್ಡಮ್ಮನ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಮೈಕು ಆರಿಸಿ ಮನೆಗೆ ಬಂದುಬಿಟ್ಟೆ. ಊರಿನವರು ಈಗ ನಿನ್ನನ್ನು ಬೈಯುತ್ತಿದ್ದಾರೆ, ನನ್ನನ್ನು ಯಾರೂ ಬೈಯುತ್ತಿಲ್ಲ. ಪಾಪ, ಅವನಿಗೂ ಮೋಸ ಆಯಿತು ಅನ್ನುತ್ತಾರೆ. ಹಾಗಾಗಿ ನಿನಗಾದರೂ ಬರೆಯುತ್ತೇನೆ.

ಭಾನುವಾರ ನನ್ನ ಗಾಡಿಯಲ್ಲಿ ಹೋಗೋಣ ಎಂದು ನಾನು ಕೇಳಿದೆ, ಅವಳು ಒಪ್ಪಲಿಲ್ಲ ಎಂದು ಬರೆದಿದ್ದೆನಲ್ಲ. ಅದು ಸುಳ್ಳು. ಕೇಳಿದವಳು ಅವಳು. ಗಾಡಿ ಬಾಗಿಲಲ್ಲೇ ನಿಂತಿತ್ತು. "ಲೋ ಮಗಾ, ಯಾಕೋ ಆಗ್ತಾ ಇಲ್ಲ ಕಣೋ. ನಿನ್ನ ಗಾಡೀಲೇ ಒಂದ್ಸಲ ಕರ್ಕೊಂಡು ಹೋಗಿಬಿಡೋ" ಅಂದಳು. ಬೇಕರಿಯವನಿಗೆ ಮೈಕಿನಲ್ಲಿ ಬುದ್ಧಿ ಹೇಳಿದವನು ನಾನು, ಈಗ ನಾನೇ ಹೇಗೆ ಹೋಗಲಿ? "ಇವತ್ತೊಂದು ದಿನ ತಡಿ ದೊಡ್ಡಮ್ಮಾ, ಬಂದೇ ಬರ್ತಾರೆ. ಅಕ್ಕನೇ ಬರೆದಿದ್ದಾಳೆ" ಅಂದೆ.

"ಅವಳು ಬರೆದಿದ್ದಾಳೆ ಅಂದ್ರೆ ಸರಿ ಬಿಡು" ಅಂದಳು. ಆಮೇಲೆ ಮತ್ತೆ ಕೇಳಲೇ ಇಲ್ಲ.